ಶೇಂಗಾ ಹೋಳಿಗೆ ಮತ್ತು ಮಾರ್ಕನ ಕೊನೆಯ ಹನ್ನೆರಡು ವಚನಗಳು

ಹೋದ ವರ್ಷ ಮಳೆಗಾಲದ ಒಂದು ಭಾನುವಾರ. ಆರಾಧನೆ ಮುಗಿದು ಎಲ್ಲರೂ ಚರ್ಚಿನ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಪಿಯುಸಿ ಓದುವ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದ.

"ಟೀಚರ್, ಇದನ್ನ ನೋಡ್ರಿ. ಬೈಬಲ್ ಖರೇ ಅನ್ನೋದಕ್ಕ ಇನ್ನೇನು ಸಾಕ್ಷಿ ಬೇಕ್ರಿ?"

ಫೋಟೊದಲ್ಲಿ ದೊಡ್ಡ ಗುಂಡಿ. ಗುಂಡಿಯೊಳಗೆ ಮನುಷ್ಯನ ಅಸ್ಥಿಪಂಜರ. ತಲೆಬುರುಡೆಯ ಪಕ್ಕ ಅಗೆಯುತ್ತಿರುವವನು ಆಟದ ಗೊಂಬೆಯಷ್ಟು ಕಾಣುತ್ತಾನೆ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು: ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 6ನೇ ಅಧ್ಯಾಯದ ದೈತ್ಯರು ಸಿಕ್ಕಿದ್ದಾರೆ, ವಿಜ್ಞಾನಿಗಳು ಮುಚ್ಚಿಡುತ್ತಿದ್ದಾರೆ, ಹತ್ತು ಜನರಿಗೆ ಕಳಿಸಿ.

ನಾನು ಧಾರವಾಡದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಭಾನುವಾರ ನಮ್ಮ ಸಭೆಯ ಯೌವನಸ್ಥರಿಗೆ ಒಂದು ತರಗತಿ ತೆಗೆದುಕೊಳ್ಳುತ್ತೇನೆ. ಅದು ಸುಳ್ಳು ಫೋಟೊ ಅಂತ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಹೇಳಲಿಲ್ಲ. ನಾನು ಹೇಳಿದರೆ ಅವನು ವಾಟ್ಸಾಪ್ ಬಿಟ್ಟು ನನ್ನನ್ನು ನಂಬಿದ ಹಾಗಾಗುತ್ತದೆ, ಅಷ್ಟೇ. "ಮುಂದಿನ ವಾರ ತರಗತಿಗೆ ತಗೊಂಡು ಬಾ, ಎಲ್ಲಾರೂ ಕೂಡಿ ನೋಡೋಣ" ಅಂದೆ.

ಮುಂದಿನ ವಾರ ಅದೇ ಪಾಠವಾಯಿತು. ಮೊದಲು ಗಣಿತ. ಒಬ್ಬ ಮನುಷ್ಯ ನಮಗಿಂತ 10 ಪಟ್ಟು ಎತ್ತರ ಅಂತ ಇಟ್ಟುಕೊಳ್ಳಿ. ಅಗಲ, ದಪ್ಪ ಎಲ್ಲವೂ 10 ಪಟ್ಟು. ಹಾಗಾದರೆ ತೂಕ 1000 ಪಟ್ಟು. ಆದರೆ ಕಾಲಿನ ಎಲುಬನ್ನು ಅಡ್ಡ ಕೊಯ್ದು ನೋಡಿದರೆ ಅದರ ವಿಸ್ತಾರ 100 ಪಟ್ಟು ಮಾತ್ರ. ಅಂದರೆ ಪ್ರತಿ ಚದರ ಇಂಚು ಎಲುಬಿನ ಮೇಲೆ 10 ಪಟ್ಟು ಭಾರ. ಎದ್ದು ನಿಂತರೆ ಮೊಣಕಾಲು ಮುರಿಯುತ್ತದೆ. ಆನೆಯ ಕಾಲು ಜಿಂಕೆಯ ಕಾಲಿನ ಹಾಗೆ ತೆಳ್ಳಗೆ ಯಾಕಿಲ್ಲ ಅಂತ ಕೇಳಿದೆ, ಅವರಿಗೇ ಹೊಳೆಯಿತು. ಆಮೇಲೆ ಒಬ್ಬ ಹುಡುಗಿ ಆ ಫೋಟೊವನ್ನೇ ಇಂಟರ್ನೆಟ್‌ನಲ್ಲಿ ಹುಡುಕಿದಳು. 2002ರಲ್ಲಿ ಒಂದು ವೆಬ್‌ಸೈಟ್ ನಡೆಸಿದ ಫೋಟೊ ತಿದ್ದುವ ಸ್ಪರ್ಧೆಗೆ ಒಬ್ಬ ಕಲಾವಿದ ಮಾಡಿದ್ದು ಅದು. ಮೂಲ ಚಿತ್ರ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬ ಊರಿನದು. 2000ದಲ್ಲಿ ಅಲ್ಲಿ ಮ್ಯಾಸ್ಟೊಡಾನ್ ಎಂಬ ಆನೆಯಂಥ ಪ್ರಾಣಿಯ ಎಲುಬು ಅಗೆಯುತ್ತಿದ್ದರು. 2007ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನವರು ಇದನ್ನೆಲ್ಲ ಬಿಡಿಸಿ ಬರೆದಿದ್ದರು.

ಆಗ ಹಿಂದೆ ಕುಳಿತಿದ್ದ ಇನ್ನೊಬ್ಬಳು ಮೆಲ್ಲಗೆ ಹೇಳಿದಳು, "ಟೀಚರ್, ಇದ ಫೋಟೊ ನಮ್ಮ ಕಾಲೇಜ್ ಗ್ರೂಪ್‌ನ್ಯಾಗ ಬಂದಿತ್ತು. ಘಟೋತ್ಕಚನ ಎಲುಬು ಅಂತ." ಹುಡುಕಿದರೆ ಮೂರನೆಯದೂ ಸಿಕ್ಕಿತು. ಅರಬ್ ನಾಡಿನಲ್ಲಿ ಅದೇ ಫೋಟೊ ಕುರ್‌ಆನಿನಲ್ಲಿ ಬರುವ ಆದ್ ಜನಾಂಗದ್ದು ಅಂತ ಓಡಾಡಿದೆ.

ತರಗತಿ ಸುಮ್ಮನಾಯಿತು. ಫೋಟೊ ತಂದ ಹುಡುಗನ ಮುಖ ಸಣ್ಣದಾಗಿತ್ತು. ಅವನು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಮರೆತಿಲ್ಲ. "ಹಂಗಾದ್ರ ಆದಿಕಾಂಡ ಸುಳ್ಳೇನ್ರಿ?"

ನೋಡಿ, ನನಗೆ ಭಯವಾಗುವುದು ಇದಕ್ಕೇ. ಯಾರೋ ಕಂಪ್ಯೂಟರ್ ಮುಂದೆ ಕುಳಿತು ಆಟಕ್ಕೆ ಮಾಡಿದ ಚಿತ್ರಕ್ಕೆ ಈ ಹುಡುಗ ತನ್ನ ನಂಬಿಕೆಯನ್ನು ನೇತುಹಾಕಿದ್ದ. ಚಿತ್ರ ಬಿದ್ದರೆ ಅದೂ ಬೀಳಬೇಕು ಅಂತ ಅವನಿಗೆ ಅನ್ನಿಸಿತು. ಫೋಟೊ ಸುಳ್ಳಾದರೆ ಫೋಟೊ ಮಾತ್ರ ಸುಳ್ಳು, ಆದಿಕಾಂಡದ ಬಗ್ಗೆ ಆ ಫೋಟೊ ಹೌದು ಅಂತಲೂ ಹೇಳುವುದಿಲ್ಲ, ಅಲ್ಲ ಅಂತಲೂ ಹೇಳುವುದಿಲ್ಲ ಅಂತ ಅವನಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ನಾನೂ ಇಂಥದ್ದೇ ತಪ್ಪು ಮಾಡಿದ್ದೇನೆ. ನಾಸಾದ ಕಂಪ್ಯೂಟರ್‌ಗಳು ಗ್ರಹಗಳ ಲೆಕ್ಕ ಹಾಕುವಾಗ ಒಂದು ದಿನ ಕಡಿಮೆ ಬಂತಂತೆ, ಆಮೇಲೆ ಬೈಬಲಿನಲ್ಲಿ ಯೆಹೋಶುವನಿಗಾಗಿ ಸೂರ್ಯ ನಿಂತ ಆ ದಿನವೇ ಅದು ಅಂತ ಗೊತ್ತಾಯಿತಂತೆ. ಈ ಕಥೆಯನ್ನು ನಾನು ಸಣ್ಣವಳಿದ್ದಾಗ ಒಂದು ಪ್ರಾರ್ಥನಾ ಕೂಟದಲ್ಲಿ ಕೇಳಿದ್ದೆ. ತರಗತಿ ಶುರು ಮಾಡಿದ ಹೊಸದರಲ್ಲಿ ಮಕ್ಕಳಿಗೂ ಹೇಳಿದೆ. ವಿಜ್ಞಾನದ ಟೀಚರ್ ಹೇಳಿದ್ದು ಅಂತ ಅವರು ನಂಬಿದರು. ಒಂದು ದಿನ ಕುಳಿತು ಹುಡುಕಿದಾಗ ನಾಸಾದವರು ಅಂಥದ್ದು ನಡೆದೇ ಇಲ್ಲ ಅಂತ ಹೇಳಿದ್ದು ಸಿಕ್ಕಿತು. ಕಳೆದುಹೋದ ದಿನದ ಲೆಕ್ಕವನ್ನು 1890ರಲ್ಲೇ ಟಾಟನ್ ಎಂಬ ಅಮೆರಿಕದವರು ಪುಸ್ತಕ ಮಾಡಿದ್ದರು. ಆಗ ನಾಸಾವೂ ಇರಲಿಲ್ಲ, ಇಂಥ ಕಂಪ್ಯೂಟರೂ ಇರಲಿಲ್ಲ. ಯೋಚನೆ ಮಾಡಿದರೆ ಮೊದಲೇ ತಿಳಿಯಬೇಕಿತ್ತು: ಇವತ್ತಿನ ಗ್ರಹಗಳ ಚಲನೆ ನೋಡಿ ಹಿಂದೆ ಒಂದು ದಿನ ತಪ್ಪಿದೆ ಅಂತ ಕಂಡುಹಿಡಿಯಲು ಬರುವುದೇ ಇಲ್ಲ. ಮೊದಲು ಅವು ಎಲ್ಲಿದ್ದವು ಅಂತ ಬೇರೆ ಕಡೆಯಿಂದ ಗೊತ್ತಿರಬೇಕಲ್ವಾ?

ಮುಂದಿನ ಭಾನುವಾರ ಎದ್ದು ನಿಂತು, ನಾನು ಹೇಳಿದ್ದು ತಪ್ಪು, ಪರೀಕ್ಷಿಸದೆ ಹೇಳಿದೆ, ಕ್ಷಮಿಸಿ ಅಂದೆ. ಗಂಟಲು ಒಣಗಿತ್ತು. ಆದರೆ ಆ ದಿನದಿಂದಲೇ ಮಕ್ಕಳು ನನ್ನ ಹತ್ತಿರ ನಿಜವಾದ ಪ್ರಶ್ನೆಗಳನ್ನು ತರಲು ಶುರು ಮಾಡಿದರು.

ನಂಬಿಕೆಗೆ ಕಾರಣ ಕೊಟ್ಟು ಉತ್ತರ ಹೇಳುವುದಕ್ಕೆ ಅಪಾಲಜೆಟಿಕ್ಸ್ ಅನ್ನುತ್ತಾರೆ. ಅದನ್ನು ಕಲಿಸುತ್ತೇನೆ ಅಂದರೆ ಸಭೆಯ ಹಿರಿಯರಿಗೆ ಅಪಾಲಜಿ, ಅಂದರೆ ಕ್ಷಮೆ ಕೇಳುವುದು ನೆನಪಾಗುತ್ತದೆ. ಆದರೆ ಅದರ ಮೂಲವಾದ ಅಪಾಲಜಿಯಾ ಎಂಬ ಗ್ರೀಕ್ ಮಾತಿಗೆ ಕೋರ್ಟಿನಲ್ಲಿ ಆರೋಪಿ ತನ್ನ ಪರವಾಗಿ ಕೊಡುವ ಉತ್ತರ ಅಂತ ಅರ್ಥ. ಬೈಬಲಿನಲ್ಲಿರುವ ಪೇತ್ರನ ಮೊದಲ ಪತ್ರಿಕೆಯ 3ನೇ ಅಧ್ಯಾಯದಲ್ಲಿ ಅದೇ ಮಾತಿದೆ: ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಹೇಳಲು ತಯಾರಿರಬೇಕು, ಅದನ್ನು ಮೆತ್ತಗೆ, ಮರ್ಯಾದೆಯಿಂದ ಹೇಳಬೇಕು. ತಯಾರಿರಬೇಕು ಅನ್ನುವ ಅರ್ಧವನ್ನು ಎಲ್ಲರೂ ಹೇಳುತ್ತಾರೆ. ಮೆತ್ತಗೆ ಅನ್ನುವ ಅರ್ಧವನ್ನು ಜಾಸ್ತಿ ಜನ ಹೇಳುವುದಿಲ್ಲ.

ನನ್ನನ್ನು ಈ ಕೆಲಸಕ್ಕೆ ಹಚ್ಚಿದ್ದು ಒಬ್ಬ ಹುಡುಗ. ನಮ್ಮ ಸಂಡೇ ಸ್ಕೂಲಿನಲ್ಲೇ ಬೆಳೆದವನು. ಬಾಯಿಪಾಠ ವಚನಗಳ ಸ್ಪರ್ಧೆಯಲ್ಲಿ ಪ್ರತಿ ವರ್ಷ ಬಹುಮಾನ ಅವನದೇ. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ. ಎರಡನೇ ವರ್ಷಕ್ಕೆ ಚರ್ಚಿಗೆ ಹೋಗುವುದನ್ನು ಬಿಟ್ಟ. ಹಾಸ್ಟೆಲಿನ ರೂಮ್‌ಮೇಟ್ ಒಂದು ವಿಡಿಯೊ ತೋರಿಸಿದ್ದನಂತೆ. ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ ಅಂತ ಅದರಲ್ಲಿತ್ತು. ಇವನು ಹೋಗಿ ಪರೀಕ್ಷಿಸಿದ. ನಿಜವಾಗಿತ್ತು. ಹಲವು ಇಂಗ್ಲಿಷ್ ಬೈಬಲ್‌ಗಳಲ್ಲಿ ಅಡಿಟಿಪ್ಪಣಿಯಲ್ಲೇ ಅಚ್ಚಾಗಿತ್ತು.

ರಜೆಗೆ ಬಂದಾಗ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಹೇಳಿದ, "ಪ್ರಶ್ನೆ ಏನ್ ದೊಡ್ಡದಿರಲಿಲ್ರಿ ಟೀಚರ್. ನಿಮಗ್ಯಾರಿಗೂ ಅದನ್ನ ನಮಗ ಹೇಳಬೇಕು ಅನ್ನಿಸಲಿಲ್ಲಲ್ಲ, ಅದು ದೊಡ್ಡದಿತ್ತು."

ನನಗೆ ಉತ್ತರ ಕೊಡಲಾಗಲಿಲ್ಲ. ಖರೆ ಹೇಳಬೇಕೆಂದರೆ ಆಗ ನನಗೂ ಅದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಬೈಬಲ್ ಓದಿ ಗೊತ್ತಿರಲಿಲ್ಲ.

ಆಮೇಲೆ ಓದಿದೆ. 4ನೇ ಶತಮಾನದ ಎರಡು ದೊಡ್ಡ ಪ್ರತಿಗಳು, ಒಂದು ಸಿನೈಟಿಕಸ್, ಅದರ ಹೆಚ್ಚಿನ ಹಾಳೆಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಇನ್ನೊಂದು ವ್ಯಾಟಿಕನಸ್. ಎರಡರಲ್ಲೂ ಮಾರ್ಕನ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೆ ನಿಲ್ಲುತ್ತದೆ. ಹೆಂಗಸರು ಯೇಸುವಿನ ಬರಿದಾದ ಸಮಾಧಿ ನೋಡಿ ನಡುಗುತ್ತಾ ಓಡಿಹೋದರು, ಹೆದರಿ ಯಾರಿಗೂ ಏನೂ ಹೇಳಲಿಲ್ಲ. ಅಲ್ಲಿಗೆ ಮುಗಿಯಿತು. ಮುಂದಿನ 12 ವಚನಗಳು ಆಮೇಲೆ ಸೇರಿದ್ದು ಅಂತ ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಇದು ಸಣ್ಣ ಮಾತಲ್ಲ. ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಅನ್ನುವ ಮಾತು ಬರುವುದು ಆ 12ರಲ್ಲೇ. ಅಮೆರಿಕದ ಅಪಲೇಚಿಯನ್ ಬೆಟ್ಟಗಳ ಕೆಲವು ಚರ್ಚುಗಳಲ್ಲಿ ಅದನ್ನು ನಂಬಿ ಆರಾಧನೆಯಲ್ಲಿ ವಿಷದ ಹಾವು ಹಿಡಿಯುತ್ತಾರೆ. ಕಚ್ಚಿಸಿಕೊಂಡು ಸತ್ತವರೂ ಇದ್ದಾರೆ.

ಇದನ್ನು ಮಕ್ಕಳಿಗೆ ಬರಿ ಬಾಯಿಮಾತಿನಲ್ಲಿ ಹೇಳಿದರೆ ಅರ್ಧ ಮಕ್ಕಳು ಹೆದರುತ್ತಾರೆ, ಇನ್ನರ್ಧ ಮಕ್ಕಳು ಮರೆಯುತ್ತಾರೆ. ಅದಕ್ಕೆ ನಾನು ನಮ್ಮ ಅಜ್ಜಿಯ ಶೇಂಗಾ ಹೋಳಿಗೆ ಮಾಡುವ ವಿಧಾನವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋದೆ. ಒಂಬತ್ತು ಸಾಲು.

ಅವತ್ತು 12 ಮಕ್ಕಳು ಬಂದಿದ್ದರು. ನಾಲ್ವರ ಮೂರು ಸಾಲು ಮಾಡಿದೆ. ಪ್ರತಿ ಸಾಲಿನ ಮೊದಲನೆಯವರು ಮಾತ್ರ ನನ್ನ ಹಾಳೆ ನೋಡಿ ನಕಲು ಮಾಡಬೇಕು. ಎರಡನೆಯವರು ಮೊದಲನೆಯವರದ್ದು ನೋಡಿ, ಮೂರನೆಯವರು ಎರಡನೆಯವರದ್ದು ನೋಡಿ. ಒಬ್ಬೊಬ್ಬರಿಗೆ ಮೂರೇ ನಿಮಿಷ. ಮೂರೂ ಸಾಲಿನ ಮೊದಲನೆಯವರು ಬರೆದು ಮುಗಿಸಿದ ಕೂಡಲೇ ನನ್ನ ಹಾಳೆಯನ್ನು ಎಲ್ಲರ ಎದುರಿಗೆ ಹರಿದು ಚೂರು ಮಾಡಿದೆ. "ಅಯ್ಯೋ ಟೀಚರ್!" ಅಂತ ಕೂಗಿದರು. "ಮಾರ್ಕ ತನ್ನ ಕೈಯಾರೆ ಬರೆದಿದ್ದೂ ನಮ್ಮ ಹತ್ತಿರ ಇಲ್ಲ" ಅಂದೆ.

ಕೊನೆಗೆ ಮೂರು ನಕಲು ಮೇಜಿನ ಮೇಲೆ ಬಂದವು. ಮೂರೂ ಬೇರೆ ಬೇರೆ.

ಮೊದಲನೆಯದರಲ್ಲಿ ಗಸಗಸೆ, ಏಲಕ್ಕಿ ಮಾಯ. ನನ್ನ ಹಾಳೆಯಲ್ಲಿ ಒಂದು ಸಾಲು "ಒಂದೂವರೆ ಬಟ್ಟಲು ಬೆಲ್ಲ" ಅಂತ ಮುಗಿದಿತ್ತು. ಒಂದು ಸಾಲು ಬಿಟ್ಟು ಮತ್ತೆ "ಗಟ್ಟಿಯಾದರೆ ಇನ್ನಷ್ಟು ಬೆಲ್ಲ" ಅಂತಿತ್ತು. ನಕಲು ಮಾಡುವವನ ಕಣ್ಣು ಮೊದಲನೆಯ ಬೆಲ್ಲದಿಂದ ಎರಡನೆಯ ಬೆಲ್ಲಕ್ಕೆ ಜಿಗಿದಿತ್ತು. ನಡುವಿನ ಸಾಲು ಹೋಯಿತು. ಗ್ರೀಕ್ ಹಸ್ತಪ್ರತಿಗಳನ್ನು ಓದುವವರು ಇದೇ ತಪ್ಪನ್ನು ಮತ್ತೆ ಮತ್ತೆ ನೋಡಿದ್ದಾರೆ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾರೆ.

ಎರಡನೆಯದರಲ್ಲಿ ಎಳ್ಳು ಬಂದಿತ್ತು. ನನ್ನ ಹಾಳೆಯಲ್ಲಿ ಎಳ್ಳೇ ಇರಲಿಲ್ಲ. ಯಾರು ಹಾಕಿದ್ದು ಅಂತ ಕೇಳಿದರೆ ಡಿಗ್ರಿ ಮೊದಲ ವರ್ಷದ ಹುಡುಗಿ ಕೈ ಎತ್ತಿದಳು. "ನಮ್ಮನ್ಯಾಗ ಹಾಕ್ತಾರ್ರಿ. ಬರಿಯೋದು ಮರ್ತಾರ ಅಂತ ತಿಳಕೊಂಡೆ." ಅವಳಿಗೆ ಕೆಟ್ಟದ್ದು ಮಾಡುವ ಮನಸ್ಸಿರಲಿಲ್ಲ. ಹೋಳಿಗೆ ಚೆನ್ನಾಗಿ ಆಗಲಿ ಅಂತಲೇ ಸೇರಿಸಿದ್ದಳು. ಮಾರ್ಕನ ಕಥೆ ಅಷ್ಟು ಥಟ್ಟನೆ ನಿಂತಿದ್ದನ್ನು ನೋಡಿದ ಯಾರಿಗೋ ಹೀಗೇ ಅನ್ನಿಸಿರಬಹುದು. ಉಳಿದ ಸುವಾರ್ತೆಗಳಲ್ಲಿ ಇರುವುದು ಇಲ್ಲಿ ಯಾಕಿಲ್ಲ ಅಂತ.

ಮೂರನೆಯದರಲ್ಲಿ "ತುಪ್ಪ ಜಾಸ್ತಿ ಹಾಕಿದರೆ ರುಚಿ" ಅನ್ನುವ ಹೊಸ ಮಾತು. ಎರಡನೆಯ ಹುಡುಗ ಅದನ್ನು ಅಂಚಿನಲ್ಲಿ ತನ್ನ ಮಾತಾಗಿ ಬರೆದಿದ್ದ. ಮೂರನೆಯವನು ಅದೂ ಪಾಠದ ಭಾಗ ಅಂತ ಒಳಗೆ ಸೇರಿಸಿದ.

ಈಗ ಮೂರನ್ನೂ ಪಕ್ಕಪಕ್ಕ ಇಟ್ಟು ಮೂಲ ಏನಿತ್ತು ಅಂತ ಕಂಡುಹಿಡಿಯಿರಿ ಅಂದೆ. ಮುಕ್ಕಾಲು ಗಂಟೆ ಜಗಳವಾಡಿದರು. ಎಳ್ಳು ಒಂದರಲ್ಲೇ ಇದೆ, ತೆಗಿ. ತುಪ್ಪ ಒಂದರಲ್ಲೇ ಇದೆ, ತೆಗಿ. ಏಲಕ್ಕಿ ಎರಡರಲ್ಲಿದೆ, ಉಳಿದ ಒಂದರಲ್ಲಿ ಯಾಕೆ ಬಿಟ್ಟುಹೋಯಿತು ಅಂತಲೂ ಗೊತ್ತಾಗುತ್ತದೆ, ಇಟ್ಟುಕೋ. ಹೀಗೆ ಎಲ್ಲ ಕೂಡಿಸಿದರು. ಒಂದೇ ಒಂದು ಕಡೆ ಸಿಕ್ಕಿಬಿದ್ದರು. ಗಸಗಸೆ ಒಂದು ಪ್ರತಿಯಲ್ಲಿ ಎರಡು ಚಮಚ, ಇನ್ನೊಂದರಲ್ಲಿ ಒಂದು ಚಮಚ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ತೀರ್ಮಾನಕ್ಕೆ ಬರಲಾಗಲಿಲ್ಲ. ನನ್ನನ್ನು ಕೇಳಿದರು. ನಾನು ಹೇಳಲಿಲ್ಲ.

ಆಮೇಲೆ ಮಾರ್ಕ 16 ತೆಗೆಸಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಬ್ಬಳಿಗೆ ಗಾಬರಿಯಾಯಿತು. "ಯಾರೋ ಸೇರಿಸ್ಯಾರ ಅಂದ್ರ ಉಳಿದಿದ್ದನ್ನ ಹೆಂಗ ನಂಬೋದ್ರಿ?" ನಾನು ಬಾಯಿ ತೆಗೆಯುವ ಮೊದಲೇ ಎಳ್ಳಿನ ಹುಡುಗಿ ಉತ್ತರ ಕೊಟ್ಟಳು. "ನಾ ಎಳ್ಳ ಹಾಕಿದ್ದು ನಿಮಗ ಗೊತ್ತಾತಲ್ಲಾ. ಬ್ಯಾರೆ ನಕಲು ಇದ್ದದ್ದಕ್ಕ ಗೊತ್ತಾತು."

ಹೊಸ ಒಡಂಬಡಿಕೆಯ ಗ್ರೀಕ್ ಹಸ್ತಪ್ರತಿಗಳು 5000ಕ್ಕಿಂತ ಹೆಚ್ಚಿವೆ. ಜಾಸ್ತಿ ಪಾಲು ಮಧ್ಯಯುಗದವು, ಕೆಲವು ಬರೀ ಚೂರುಗಳು. ಮ್ಯಾಂಚೆಸ್ಟರ್‌ನಲ್ಲಿರುವ ಒಂದು ಚೂರು ಅಂಗೈಯಲ್ಲಿ ಹಿಡಿಯುವಷ್ಟಿದೆ. ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಕೆಲವು ಸಾಲು. ಅದನ್ನು ಸಾಮಾನ್ಯವಾಗಿ 2ನೇ ಶತಮಾನಕ್ಕೆ ಸೇರಿಸುತ್ತಾರೆ. ಪ್ರತಿಗಳ ನಡುವಿನ ವ್ಯತ್ಯಾಸಗಳಲ್ಲಿ ಹೆಚ್ಚಿನವು ಕಾಗುಣಿತದಂಥ ಸಣ್ಣವು. ದೊಡ್ಡವು ಕೆಲವೇ, ಅವು ಯಾವುವು ಅಂತ ಗೊತ್ತಿವೆ. ಕಲ್ಲೆಸೆಯಲು ತಂದ ಹೆಂಗಸಿನ ಕಥೆ, ಯೋಹಾನ 8ರದ್ದು, ಅದೂ ಹಳೆಯ ಪ್ರತಿಗಳಲ್ಲಿ ಇಲ್ಲ. ನನಗೆ ಬಹಳ ಇಷ್ಟವಾದ ಕಥೆ ಅದು. ಅದನ್ನು ಹೇಳುವಾಗ ಸ್ವಲ್ಪ ನೋವಾಯಿತು. ಆದರೂ ಹೇಳಿದೆ.

ಇಲ್ಲಿಗೆ ಗೆದ್ದೆವು ಅಂತ ಮಕ್ಕಳಿಗೆ ಅನ್ನಿಸಿತ್ತು. ಅದನ್ನೂ ತಡೆಯಬೇಕಾಯಿತು. ಅಜ್ಜಿ ಬರೆದದ್ದು ಇದೇ ಅಂತ ಗೊತ್ತಾದರೆ ಹೋಳಿಗೆ ರುಚಿಯಾಗಿದೆ ಅಂತ ಆಗುವುದಿಲ್ಲ. ಮಾರ್ಕ ಏನು ಬರೆದ ಅನ್ನುವುದು ಒಂದು ಪ್ರಶ್ನೆ. ಅವನು ಬರೆದದ್ದು ನಡೆದಿತ್ತೇ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಕಲಸಿದರೆ ಕಾಲೇಜಿನಲ್ಲಿ ಮೊದಲ ದಿನವೇ ಯಾರಾದರೂ ಹಿಡಿಯುತ್ತಾರೆ.

ಆ ಎರಡನೇ ಪ್ರಶ್ನೆಗೆ ನಾವು ಇನ್ನೂ ನಾಲ್ಕು ವಾರ ತೆಗೆದುಕೊಂಡೆವು. ರೋಮಿನ ಇತಿಹಾಸಕಾರ ಟ್ಯಾಸಿಟಸ್ 2ನೇ ಶತಮಾನದ ಆರಂಭದಲ್ಲಿ ಬರೆಯುತ್ತಾ, ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ರೋಮಿನ ಅಧಿಕಾರಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟ ಅನ್ನುತ್ತಾನೆ. ಒಬ್ಬ ಹುಡುಗ ಹಿಗ್ಗಿ, "ಇದನ್ನ ನಮ್ಮ ಹಾಸ್ಟೆಲ್‌ನ್ಯಾಗ ಹೇಳ್ತೀನ್ರಿ" ಅಂದ. ಹೇಳು, ಆದರೆ ಯೇಸು ಸತ್ತದ್ದನ್ನು ಟ್ಯಾಸಿಟಸ್ ಹೇಳುತ್ತಾನೆ, ಸತ್ತವನು ಮತ್ತೆ ಎದ್ದದ್ದನ್ನು ಹೇಳುವುದಿಲ್ಲ, ಅದನ್ನೂ ಸೇರಿಸಿ ಹೇಳು ಅಂದೆ. ಯೆಹೂದಿ ಇತಿಹಾಸಕಾರ ಜೋಸೆಫಸ್‌ನ ಪುಸ್ತಕದಲ್ಲಿ ಯೇಸುವಿನ ಬಗ್ಗೆ ಒಂದು ಪ್ಯಾರಾ ಇದೆ. ಅದರಲ್ಲಿ ಕ್ರೈಸ್ತ ನಕಲುಗಾರರು ಕೈ ಆಡಿಸಿದ್ದಾರೆ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. "ಇಲ್ಲೂ ಎಳ್ಳು ಬಿದ್ದದ" ಅಂತ ತಾವೇ ಹೇಳಿದರು.

ನನಗೆ ಮುಖ್ಯ ಅನ್ನಿಸುವುದು ಮೊದಲ ಕಾಲದ ಕ್ರೈಸ್ತ ಪ್ರಚಾರಕ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯ. ಅದನ್ನು ಬರೆಯುವಾಗ ಯೇಸು ಸತ್ತು ಸುಮಾರು 25 ವರ್ಷವಾಗಿರಬಹುದು. ಸತ್ತು ಎದ್ದ ಯೇಸು 500ಕ್ಕಿಂತ ಹೆಚ್ಚು ಜನರಿಗೆ ಕಾಣಿಸಿಕೊಂಡ, ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅನ್ನುತ್ತಾನೆ. ಅದೇ ಅಧ್ಯಾಯದಲ್ಲಿ, ಕ್ರಿಸ್ತ ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತಲೂ ಹೇಳುತ್ತಾನೆ. ತನ್ನ ನಂಬಿಕೆ ಎಲ್ಲಿ ಮುರಿಯಬಹುದು ಅಂತ ತಾನೇ ಬೊಟ್ಟು ಮಾಡಿ ತೋರಿಸುವವನ ಮೇಲೆ ನನಗೆ ಭರವಸೆ ಬರುತ್ತದೆ. ನಾನು ಇವತ್ತಿಗೂ ನಂಬುವುದಕ್ಕೆ ಇದು ಒಂದು ಕಾರಣ. ಗಣಿತದ ಹಾಗೆ ಸಾಧಿಸಿ ತೋರಿಸಿ ಅಂದರೆ ಆಗುವುದಿಲ್ಲ. ಅದನ್ನೂ ಮಕ್ಕಳಿಗೆ ಹೇಳಿದ್ದೇನೆ.

ತರಗತಿಯಲ್ಲಿ ಒಂದು ಕಟ್ಟಳೆ ಇದೆ. ಬೇರೆಯವರ ನಂಬಿಕೆಯನ್ನು ತೂಗುವ ತಕ್ಕಡಿಯಲ್ಲೇ ನಮ್ಮದನ್ನೂ ತೂಗಬೇಕು. ಘಟೋತ್ಕಚನ ಎಲುಬು ಅಂದಾಗ ನಕ್ಕವರು ನಮ್ಮ ದೈತ್ಯರ ಎಲುಬನ್ನು ಹತ್ತು ಜನರಿಗೆ ಕಳಿಸಿರಬಾರದು. ಇನ್ನೊಂದು, ಎದುರಿನವರ ಮಾತನ್ನು ಅವರೇ "ಹೌದು, ನಾ ಹೇಳಿದ್ದು ಇದನ್ನೇ" ಅನ್ನುವ ಹಾಗೆ ಹೇಳಲು ಬರುವವರೆಗೆ ಉತ್ತರ ಕೊಡುವ ಹಾಗಿಲ್ಲ. ನಮ್ಮ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನವರಲ್ಲೂ ಇತರ ಧರ್ಮಗಳ ಬಗ್ಗೆ ಖಾರವಾಗಿ ಬರೆದವರು ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಮಿಷನ್ನಿನ ಮೊಗ್ಲಿಂಗ್ ಅವರು ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಅಚ್ಚು ಹಾಕಿಸಿದರು. ಕಿಟ್ಟೆಲ್ ವರ್ಷಗಟ್ಟಲೆ ಕನ್ನಡದ ಮಾತು, ಗಾದೆ ಕೂಡಿಸಿ 1894ರಲ್ಲಿ ನಿಘಂಟು ತಂದರು. ಉತ್ತರ ಕೊಡಲು ಬಂದವರು ಮೊದಲು ಕೇಳಿಸಿಕೊಂಡರು. ನನಗೆ ಬೇಕಾದ ಹಿರಿಯರು ಅವರು.

ಒಂದು ವಾರ ಪಾಠ ನಡೆಯಲಿಲ್ಲ. ದೇವರು ಒಳ್ಳೆಯವನಾದರೆ ಕಷ್ಟ ಯಾಕೆ ಅನ್ನುವುದು ಅವತ್ತಿನ ವಿಷಯ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಶುರು ಮಾಡುವ ಮೊದಲೇ ಒಬ್ಬಳು ಎದ್ದು ನಿಂತಳು. 2021ರ ಕೋವಿಡ್‌ನಲ್ಲಿ ಅವಳ ಅಪ್ಪ ತೀರಿಕೊಂಡಿದ್ದರು. "ಹನ್ನೊಂದು ದಿನ ಇಡೀ ಸಭಾ ಪ್ರಾರ್ಥನೆ ಮಾಡ್ತು. ಬಾಜೂ ಮನೆಯವರಿಗೂ ಆಗಿತ್ತು. ಅವರು ಆರಾಮಾಗಿ ಬಂದ್ರು. ಯಾಕ್ರಿ ಟೀಚರ್?"

ಹಾಳೆಗಳನ್ನು ಮಡಚಿ ಬ್ಯಾಗಿನಲ್ಲಿಟ್ಟೆ. "ನನಗ ಗೊತ್ತಿಲ್ಲವ್ವಾ" ಅಂದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಅತ್ತದ್ದನ್ನು ಓದಿದೆವು. ಶಿಲುಬೆಯ ಮೇಲೆ ಅವನೂ ಯಾಕೆ ಕೈಬಿಟ್ಟೆ ಅಂತ ಕೇಳಿದ್ದನ್ನು ಓದಿದೆವು. ಅಷ್ಟೇ. ಉಳಿದವರು ಎದ್ದು ಹೋಗಿ ಅವಳ ಸುತ್ತ ಕುಳಿತರು. ಯಾರೂ ವಾದ ಮಾಡಲಿಲ್ಲ. ಅವಳು ಮುಂದಿನ ವಾರವೂ ಬಂದಳು.

ಬೆಂಗಳೂರಿಗೆ ಹೋದ ಹುಡುಗ ಇನ್ನೂ ಚರ್ಚಿಗೆ ಬರುವುದಿಲ್ಲ. ಆದರೆ ಊರಿಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಾನೆ. ಹೋದ ತಿಂಗಳು ಫೋನಿನಲ್ಲಿ ಕೇಳಿದೆ, ಕ್ರಿಸ್‌ಮಸ್ ರಜೆಯಲ್ಲಿ ಒಂದು ಭಾನುವಾರ ನಮ್ಮ ತರಗತಿಗೆ ಬಂದು ನೀನು ಯಾಕೆ ನಂಬುವುದಿಲ್ಲ ಅಂತ ಹೇಳುತ್ತೀಯಾ ಅಂತ. ನಮ್ಮ ಸಭಾಪಾಲಕರನ್ನು ಮೊದಲೇ ಕೇಳಿದ್ದೆ, ಮಕ್ಕಳ ಮನೆಯವರನ್ನೂ ಕೇಳಿದ್ದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಬರುತ್ತೇನೆ ಅಂದ. ಒಂದೇ ಕರಾರು: ಕೊನೆಗೆ ಎಲ್ಲರೂ ತಲೆಬಾಗಿಸಿ ಅವನ ಹೆಸರು ಹಿಡಿದು ಪ್ರಾರ್ಥನೆ ಮಾಡಬಾರದು.

ಒಪ್ಪಿದ್ದೇನೆ. ಅವನಿಗಾಗಿ ನಾನು ದಿನಾ ಮನೆಯಲ್ಲಿ ಪ್ರಾರ್ಥನೆ ಮಾಡುತ್ತೇನೆ, ಅದು ಅವನಿಗೂ ಗೊತ್ತು.

ಅವತ್ತು ಎಳ್ಳಿನ ಹುಡುಗಿ ಹೋಳಿಗೆ ಮಾಡಿಕೊಂಡು ಬರುತ್ತಾಳಂತೆ. ಗಸಗಸೆ ಒಂದು ಚಮಚವೋ ಎರಡೋ ಅಂತ ಮೊನ್ನೆ ಮತ್ತೆ ಕೇಳಿದಳು.